ಗೊಂಬೆ ಮೆಟ್ಟಿಲೇರಿದ ಕೋಳಿ ಪಡೆ

ನಾನು ಎಲ್ಲಿ ಕೂತರೂ ಅಲ್ಲೊಂದು ಎಡವಟ್ಟು ಆಗುತ್ತದೆ. ಆಗೋದಲ್ಲ, ನಾನೇ ಮಾಡೋದು ಅಂತ ನಮ್ಮ ಮನೆಯವಳ ವಾದ. ಈ ಕೆಳಗಿನದರಲ್ಲಿ ಅರ್ಧ ಅಪ್ಪಟ ನಿಜ. ಯಾವ ಅರ್ಧ ಅನ್ನೋದು ನನಗೂ ಮರೆತುಹೋಗಿದೆ.

೧. ಫ್ಯಾನಿನ ಪಕ್ಕದ ಕುರ್ಚಿ

ಕಮರ್ಷಿಯಲ್ ಸ್ಟ್ರೀಟ್ ಪಕ್ಕದ ಸಂದಿಯಲ್ಲಿ ಗುಂಡಿ, ಲೇಸು ಮಾರುವ ಭಾಯ್ ಒಬ್ಬರ ಅಂಗಡಿ. ಭಾನುವಾರ ಮಧ್ಯಾಹ್ನ ಅದರ ಮಹಡಿಯಲ್ಲಿ ನಾವು ಯುದ್ಧ ಮಾಡುತ್ತೇವೆ. ಮೇಜಿನ ಮೇಲೆ, ಹೆಬ್ಬೆರಳುದ್ದದ ಸೈನಿಕರನ್ನಿಟ್ಟುಕೊಂಡು. ದರ್ಜಿ ಟೇಪಿನಲ್ಲಿ ಅಳೆದು ನಡೆಸೋದು, ದಾಳ ಹಾಕಿ ಹೊಡೆಯೋದು. ಭಾಯ್ ತೀರ್ಪುಗಾರರು. ಒಂದು ಕಡೆ ನಾನು, ಎದುರಿಗೆ ವಿಮಾನ ಕಾರ್ಖಾನೆಯಿಂದ ರಿಟೈರಾದ ಇಂಜಿನಿಯರ್ ಸಾರ್.

ಸಾರ್ ಹತ್ತಿರ ಐದು ಜನ ರೆಕ್ಕೆ ಸವಾರರು. ಹದ್ದಿನಂಥ ಪ್ರಾಣಿ, ಅದರ ಬೆನ್ನ ಮೇಲೆ ಈಟಿ ಹಿಡಿದವನು. ನಾನಿಟ್ಟ ಹೆಸರು ಕೋಳಿ ಪಡೆ. ಹಾರಿ ಬಂದು ಇಳಿದರೆ ಒಂದು ಸರದಿ ಸುಮ್ಮನೆ ನಿಂತು ಸುಧಾರಿಸಿಕೊಳ್ಳಬೇಕು ಅಂತ ನಿಯಮ. ಅಷ್ಟರಲ್ಲಿ ನನ್ನ ಬಿಲ್ಲುಗಾರರು ಕೆಲಸ ಮುಗಿಸಿರೋರು. ಫ್ಯಾನು ಐದಕ್ಕೆ ತಿರುಗಿಸಿದರೆ ಬಾಣವೂ ಬೇಡ, ಕೋಳಿಗಳು ತಾವೇ ಮಗುಚಿಕೊಳ್ಳೋವು. ರೆಗ್ಯುಲೇಟರ್ ಪಕ್ಕದ ಕುರ್ಚಿ ನನ್ನದು.

ದಸರಾ ಭಾನುವಾರದ ಆಟದಲ್ಲಿ ಸೋತವನು ಮುಂದಿನ ದಸರಾವರೆಗೆ ಎಲ್ಲರ ಟೀ ಲೋಟ ತೊಳೀಬೇಕು. ಆರು ವರ್ಷದಿಂದ ಸಾರೇ ತೊಳೆಯುತ್ತಿದ್ದರು. ನಾನು ಬಾಗಿಲಿಗೊರಗಿ, "ತಳ ಉಜ್ಜಿ ಸಾರ್, ತಳ. ಮೂವತ್ತು ವರ್ಷ ವಿಮಾನಕ್ಕೆ ರೆಕ್ಕೆ ಜೋಡಿಸಿದ ಕೈ, ಒಂದು ಕೋಳಿ ಹಾರಿಸಕ್ಕಾಗ್ಲಿಲ್ವಲ್ಲ!" ಅನ್ನುತ್ತಿದ್ದೆ.

೨. ತಿದ್ದುಪಡಿ

ಈ ವರ್ಷ ಆಟದ ಹೊಸ ನಿಯಮದ ಪುಸ್ತಕ ಬಂತು. ಸಾರ್ ಒಂದು ಪುಟ ಮಾತ್ರ ಲ್ಯಾಮಿನೇಟ್ ಮಾಡಿಸಿ ತಂದರು. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಓದಿದರು.

"ರೆಕ್ಕೆ ಸವಾರರು ಎಷ್ಟು ಸರದಿ ಬೇಕಾದರೂ ಮೇಲೇ ಇರಬಹುದು. ಮೇಲಿರುವಾಗ ಬಾಣ ತಾಕುವುದಿಲ್ಲ. ಇಳಿದ ತಕ್ಷಣ ಹೊಡೆಯಬಹುದು."

"ಫ್ಯಾನು?" ಅಂದೆ.

"ಅವಕ್ಕೆಲ್ಲ ತಳಕ್ಕೆ ಸೀಸದ ತೂಕ ಹಾಕಿದೀನಿ."

ಕಾರ್ಖಾನೆಯವರು ಕೊಡದ ಪ್ರಮೋಷನ್ ಕೋಳಿಗಳಿಂದ ಸಿಕ್ಕಿತ್ತು. ಸಾರ್ ನಡಿಗೆಯೇ ಬದಲಾಯಿತು. ಹೋಗುವಾಗ ಚೀಲದಿಂದ ತೆಂಗಿನ ನಾರಿನದೊಂದು ಉಂಡೆ ತೆಗೆದು ನನ್ನ ಕೈಗಿಟ್ಟರು.

"ಏನಿದು ಸಾರ್?"

"ಲೋಟ ಉಜ್ಜಕ್ಕೆ. ಅಡ್ವಾನ್ಸು."

೩. ಗರುಡನ ಸೋದರಳಿಯಂದಿರು

ಲೋಟ ತೊಳೆಯೋದು ನನ್ನ ವಂಶದಲ್ಲೇ ಇಲ್ಲ. ನವರಾತ್ರಿಯ ಮೊದಲ ದಿನ, ಸಾರ್ ಹೂವು ತರಲು ಹೋದ ಹೊತ್ತು ನೋಡಿಕೊಂಡು ಹೊಸ ತಿಪ್ಪಸಂದ್ರದ ಅವರ ಮನೆಗೆ ಹೋದೆ. ಅವರ ಹೆಂಡತಿ ಗೊಂಬೆ ಕೂರಿಸುತ್ತಿದ್ದರು. ಏಳು ಮೆಟ್ಟಿಲು, ಮೇಲುಗಡೆ ಪಟ್ಟದ ಗೊಂಬೆ. ಐದನೇ ಮೆಟ್ಟಿಲಲ್ಲಿ ವಿಷ್ಣು, ಗರುಡ, ಪಕ್ಕದಲ್ಲಿ ಒಂದು ಮೊಳ ಖಾಲಿ ಜಾಗ.

"ಅಕ್ಕಾ, ಗರುಡ ಒಂಟಿ ಆಗ್ಬಿಟ್ಟಿದಾನೆ," ಅಂದೆ. ಕಪಾಟಿನ ಗಾಜಿನೊಳಗಿದ್ದ ರೆಕ್ಕೆ ಸವಾರರನ್ನು ತೋರಿಸಿದೆ. "ಇವ್ರು ಅವನ ಸೋದರಳಿಯಂದ್ರು."

"ಹೌದಾ? ನಮ್ಮೆಜಮಾನ್ರು ಹೇಳ್ಲೇ ಇಲ್ವಲ್ಲ!"

"ಹೇಳಿದ್ರೆ ನೀವು ಪೂಜೆಗಿಟ್ಕೋತೀರಲ್ಲ, ಅದಕ್ಕೆ."

ಐದೂ ಮೆಟ್ಟಿಲೇರಿದವು. ಸಾರ್ ಹೂವಿನ ಪೊಟ್ಟಣದ ಸಮೇತ ಬಾಗಿಲಲ್ಲೇ ನಿಂತುಬಿಟ್ಟರು.

"ತೆಗಿಯೇ ಅದನ್ನ! ಭಾನುವಾರ ಬೇಕು ನನಗೆ!"

"ಕೂರಿಸಿದ ಮೇಲೆ ದಶಮಿ ಆಗೋ ತನಕ ಕದಲಿಸೋ ಹಾಗಿಲ್ಲ ರೀ. ಇಷ್ಟು ವರ್ಷ ಆಯ್ತು, ಇದೂ ಗೊತ್ತಿಲ್ವಾ ನಿಮಗೆ?"

ಮಾರನೇ ದಿನ ಹೋಗಿ ನೋಡಿದೆ. ಐದು ಜನ ಯೋಧರ ಹಣೆಗೂ ಕುಂಕುಮ, ಒಬ್ಬನ ಈಟಿಗೆ ಮಲ್ಲಿಗೆ.

೪. ದಸರಾ ಭಾನುವಾರ

ಕೋಳಿ ಪಡೆ ಇಲ್ಲದೆ ಆಡಲಿ, ಇಲ್ಲ ಸೋಲೊಪ್ಪಿಕೊಳ್ಳಲಿ ಅಂತ ನಾನು ಪಟ್ಟು ಹಿಡಿದೆ. ಭಾಯ್ ನಿಯಮದ ಪುಸ್ತಕ ಮುಚ್ಚಿದರು.

"ನಕ್ಕೊ, ನಕ್ಕೊ, ಹಂಗೆಲ್ಲ ಬೇಡ. ಸೈನ್ಯ ಆಟದ ಕೋಣೆಯಲ್ಲಿರಬೇಕು, ಅಷ್ಟೇ ಬರ್ದಿರೋದು. ಸೈನ್ಯ ಇಲ್ಲಿಗೆ ಬರಲ್ವಾ? ಮೇಜು ಅಲ್ಲಿಗೆ ಹೋಗ್ಲಿ."

ಮಡಚುವ ಮೇಜನ್ನು ಆಟೋಗೆ ಕಟ್ಟಿ ಹೊಸ ತಿಪ್ಪಸಂದ್ರಕ್ಕೆ ಒಯ್ದೆವು. ಗೊಂಬೆಗಳ ಮುಂದೆಯೇ ಬಿಡಿಸಿ ನಿಲ್ಲಿಸಿದೆವು. ಸಾರ್ ಕೋಟೆ ಕಾಯಬೇಕು, ನಾನು ಮುತ್ತಿಗೆ ಹಾಕಬೇಕು. ಆರು ಸರದಿ ಮುಗಿಯುವಾಗ ಅವರ ಕಡೆ ಒಬ್ಬ ಉಳಿದರೂ ಗೆಲುವು ಅವರದು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಹಾಡು ಹೇಳಿ, ಕಡಲೆ ಉಸ್ಲಿ ತಿಂದು, ಕಾಫಿ ಕುಡಿದು ಹೋಗುತ್ತಿದ್ದರು. ಪಕ್ಕದಲ್ಲಿ ನಾನು ಹೆಣ ಉರುಳಿಸುತ್ತಿದ್ದೆ. ಆರನೇ ಸರದಿಗೆ ಕೋಟೆಯ ಕೊನೆಯ ಕಾವಲುಗಾರನೂ ಬಿದ್ದ.

"ಮುಗೀತು ಸಾರ್! ಯಾರೂ ಉಳಿದಿಲ್ಲ!"

ಸಾರ್ ನಿಧಾನವಾಗಿ ಉಸ್ಲಿ ಅಗಿದರು. ಬೆರಳೆತ್ತಿ ಐದನೇ ಮೆಟ್ಟಿಲು ತೋರಿಸಿದರು.

"ಐದು ಜನ ಇದಾರಲ್ಲ. ಮೊದಲ ಸರದಿಯಿಂದ ಹಾರ್ತಾನೇ ಇದಾರೆ."

"ಅದು ಹಾರೋದಾ? ಕೂತಿದಾವೆ!"

ಭಾಯ್ ಎದ್ದರು. ಮೇಜಿನಿಂದ ಐದನೇ ಮೆಟ್ಟಿಲಿಗೆ ಟೇಪು ಹಿಡಿದರು. ಲ್ಯಾಮಿನೇಟ್ ಹಾಳೆಯನ್ನು ಎರಡು ಸಲ ಓದಿದರು. "ಎತ್ತರಕ್ಕೆ ಮಿತಿ ಬರ್ದಿಲ್ಲ. ಎಷ್ಟು ಸರದಿ ಬೇಕಾದ್ರೂ ಮೇಲಿರಬಹುದು. ಬಾಣ ತಾಕಲ್ಲ."

"ಹಾಗಾದ್ರೆ ಕೆಳಗಿಳಿಸಿ!" ಅಂತ ಕೂಗಿದೆ.

"ನೀನೇ ಇಳಿಸು," ಅಂದರು ಸಾರ್.

ಕೈ ಚಾಚಿದೆ. ಆರತಿ ತಟ್ಟೆ ಹಿಡಿದ ಅಕ್ಕ ಅಡ್ಡ ಬಂದು ನಿಂತರು.

"ಮುಟ್ಟಿದ್ರೆ ನೋಡಿ! ಗರುಡನ ಸೋದರಳಿಯಂದ್ರು ಅಂತ ನೀವೇ ತಾನೆ ಹೇಳಿದ್ದು?"

ಭಾಯ್ ತೀರ್ಪು ಕೊಟ್ಟರು. ಅಡುಗೆಮನೆಯ ತೊಟ್ಟಿಯಲ್ಲಿ ಬೆಳಗಿನಿಂದ ಬಂದು ಹೋದ ಹೆಂಗಸರ ಕಾಫಿ ಲೋಟಗಳು ಗೋಪುರದ ಹಾಗೆ ನಿಂತಿದ್ದವು. ನಾನು ಅಂಗಿ ತೋಳು ಮಡಚಿದೆ. ಬಾಗಿಲಿಗೊರಗಿದ ಸಾರ್ ಕೇಳಿದರು:

"ನಾರು ತಂದಿದೀಯಾ ಮಗಾ, ಇಲ್ಲ ಇನ್ನೊಂದು ಕೊಡ್ಲಾ?"