ಮನೆಯಲ್ಲಿಲ್ಲದವರಿಗೆ ಸಮನ್ಸು

ಕೋರ್ಟಿನ ಅಮೀನ ಸಮನ್ಸು ಹಿಡಿದು ಊರಿಗೆ ಕಾಲಿಟ್ಟರೆ ಸಾಕು, ಜನ ಕಣ್ಣೆದುರೇ ಮಾಯವಾಗುತ್ತಾರೆ. ನನ್ನ ನೌಕರಿಯಲ್ಲಿ ಇಂಥವು ಬೇಕಾದಷ್ಟು ನಡೆದಿವೆ. ಆದರೆ ಹಳೇಕೋಟೆ ಕಡೆಯ ಒಂದು ಕೇಸು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಕೊಣನೂರಿಗೆ ಕೊಟ್ಟಿದ್ದ ಹೆಣ್ಣುಮಗಳೊಬ್ಬಳು, ಗಂಡ ತೀರಿಕೊಂಡ ಮೇಲೆ, ಅಪ್ಪನ ಗದ್ದೆಯಲ್ಲಿ ಪಾಲು ಕೇಳಿ ಅಣ್ಣನ ಮೇಲೆ ದಾವೆ ಹಾಕಿದ್ದಳು. ಅಣ್ಣನಿಗೆ ಸಮನ್ಸು ಜಾರಿಯಾಗದೆ ಕೇಸು ಮುಂದೆ ಹೋಗುವಂತಿರಲಿಲ್ಲ.

೧. ಮಜ್ಜಿಗೆ

ಮೊದಲ ಸಲ ಹೋದಾಗ ಜಗಲಿಯ ಮೇಲೊಬ್ಬರು ಎಲೆಯಡಿಕೆ ಹಾಕುತ್ತಾ ಕೂತಿದ್ದರು. "ಯಜಮಾನ್ರು ಇದಾರಾ?" ಅಂದೆ.

"ಇಲ್ಲ ಕಣ್ ಸಾ, ಧರ್ಮಸ್ಥಳಕ್ಕೆ ಓಗವ್ರೆ. ಬರಾದು ಎಂಟು ದಿನ ಆಯ್ತದೆ" ಅಂದು ಒಂದು ಲೋಟ ಮಜ್ಜಿಗೆಯನ್ನೂ ತರಿಸಿಕೊಟ್ಟರು. ಪುಣ್ಯಾತ್ಮ ಅಂದುಕೊಂಡು 'ಮನೆಯಲ್ಲಿಲ್ಲ' ಎಂದು ಷರಾ ಬರೆದು ಹೊರಟೆ. ನಡೆದದ್ದು ಕೇಳಿ ಬಸ್ ಸ್ಟಾಪಿನ ಟೀ ಅಂಗಡಿಯವ ನಕ್ಕ. "ಮಜ್ಗೆ ಕೊಟ್ನಲ್ಲಾ ಸಾ, ಅವ್ನೇ ಯಜಮಾನ!"

ವಾಪಸ್ ಓಡಿದೆ. ಜಗಲಿಯ ಮೇಲೆ ಲೋಟ ಮಾತ್ರ ಇತ್ತು.

೨. ಗಂಜಿ

ಮೂರು ಸಲ ಹೀಗೇ ಆದ ಮೇಲೆ, ಬಾಗಿಲಿಗೆ ಅಂಟಿಸಿ ಬಾ ಎಂದು ಕೋರ್ಟು ಆದೇಶಿಸಿತು. ಅಂಟಿಸಿದ್ದಕ್ಕೆ ಇಬ್ಬರ ಸಾಕ್ಷಿ ಸಹಿ ಬೇಕು. ಊರಲ್ಲಿ ಒಬ್ಬನೂ ಪೆನ್ನು ಮುಟ್ಟಲಿಲ್ಲ. "ಸೈನ್ ಆಕುದ್ರೆ ನಾಳೆ ಅವ್ನು ಬೋರಿಂದ ನೀರು ಬುಡ್ತಾನಾ ಸಾ?" ಎಲ್ಲರೂ ಆ ತಂಗಿಯ ಮದುವೆಯಲ್ಲಿ ಉಂಡವರೇ! ಕೊನೆಗೆ ಬಸ್ಸಿಗೆ ಕಾಯುತ್ತಿದ್ದ ಪರವೂರಿನ ಇಬ್ಬರನ್ನು ಕಾಡಿ ಬೇಡಿ ಕರೆತಂದೆ. ಗೋಂದು ಮರೆತಿದ್ದೆ. ಎದುರುಮನೆಯಲ್ಲಿ ಅನ್ನದ ಗಂಜಿ ಇಸಕೊಂಡು ಅಂಟಿಸಿದೆ. ನಾನು ಬೀದಿ ದಾಟುವುದರೊಳಗೆ ಅಣ್ಣನ ಹಸು ಬಂದು ಗಂಜಿ ನೆಕ್ಕಿ, ಸಮನ್ಸನ್ನೂ ಮೇಯ್ದು ಮುಗಿಸಿತು.

ಮುಚ್ಚಿದ ಬಾಗಿಲ ಹಿಂದಿನಿಂದ ಅಣ್ಣನ ದನಿ ಬಂತು. "ದನಕ್ಕೆ ಜಾರಿ ಆಯ್ತು ಅಂತ ಬರ್ಕಳಿ ಸಾ!"

೩. ಕೊಣನೂರಿನ ಬಾಗಿಲು

ಆಮೇಲೆ ಪೇಪರಿನಲ್ಲಿ ಪ್ರಕಟಣೆಯಾಯಿತು. ಅದಕ್ಕೂ ಅಣ್ಣ ಬರಲಿಲ್ಲ. ಅವನಿಲ್ಲದೆಯೇ ವಿಚಾರಣೆ ಮುಗಿದು, ತಂಗಿಗೆ ಪಾಲು ಕೊಡಬೇಕೆಂದು ತೀರ್ಪಾಯಿತು. ಆಗ ಬಂದ ನೋಡಿ, ಇಸ್ತ್ರಿ ಶರ್ಟು ಹಾಕಿಕೊಂಡು! ನನಗೆ ಸಮನ್ಸೇ ಬಂದಿಲ್ಲ, ತೀರ್ಪು ರದ್ದು ಮಾಡಿ ಎಂದು ಅರ್ಜಿ ಕೊಟ್ಟ. ಅದಕ್ಕೆ ಅವನು ತೋರಿಸಿದ ಪುರಾವೆ, ನನ್ನ ಕೈಯಾರೆ ಬರೆದ 'ಮನೆಯಲ್ಲಿಲ್ಲ' ಎಂಬ ಷರಾ. ಅವತ್ತು ಕುಡಿದ ಮಜ್ಜಿಗೆ ವರ್ಷಗಳ ಮೇಲೆ ಹೊಟ್ಟೆಯಲ್ಲಿ ಹುಳಿಯಾಯಿತು.

ಆ ಅರ್ಜಿಯ ನೋಟಿಸು ಈಗ ತಂಗಿಗೆ ಜಾರಿಯಾಗಬೇಕಿತ್ತು. ಅಷ್ಟರಲ್ಲಿ ನನಗೆ ಕೊಣನೂರು ಸೇರಿದ ಅರಕಲಗೂಡು ಕೋರ್ಟಿಗೆ ವರ್ಗವಾಗಿತ್ತು, ಅದು ನನ್ನ ಕೈಗೇ ಬಂತು. ಪ್ರತಿ ವಾಯಿದೆಗೂ ಕೋರ್ಟಿನ ಮೆಟ್ಟಿಲ ಬಳಿ "ಜಾರಿ ಆಯ್ತಾ ಅಣ್ಣ?" ಎಂದು ನನ್ನನ್ನು ಕೇಳುತ್ತಿದ್ದವಳು ಅವಳು. ಧರ್ಮಸ್ಥಳದ ಕಥೆ, ಹಸುವಿನ ಕಥೆ ಎಲ್ಲ ನಾನೇ ಹೇಳಿದ್ದೆ. ಈಗ ಅವಳ ತಲೆ ಪೂರ್ತಿ ನರೆತಿತ್ತು. ಅವಳ ಮನೆ ಬಾಗಿಲಲ್ಲಿ ನಿಂತು, ನಾಚಿಕೆಯಿಂದ ನೆಲ ನೋಡುತ್ತಾ ನೋಟಿಸು ಚಾಚಿದೆ.

ಅವಳು ಕೈ ಚಾಚಲಿಲ್ಲ. ನನ್ನ ಮುಖವನ್ನೇ ನೋಡಿದಳು.

"ಅವಮ್ಮ ಮನೇಲಿಲ್ಲ ಕಣಣ್ಣ, ಧರ್ಮಸ್ಥಳಕ್ಕೆ ಓಗವ್ಳೆ. ಬಾಗ್ಲಿಗೆ ಅಂಟ್ಸೋಗು. ತಡಿ, ಗಂಜಿ ತತ್ತೀನಿ. ಅಂಗೇ ದನಾನೂ ಬಿಚ್ತೀನಿ."