ಆಡದವನ ಬಿಳಿ ಪ್ಯಾಂಟು

ವಯಸ್ಸಾಯಿತೆಂದು ಮನುಷ್ಯನಿಗೆ ಯಾರೂ ಮುಖದ ಮೇಲೆ ಹೇಳುವುದಿಲ್ಲ. ಬಡ್ತಿ ಕೊಟ್ಟು ಹೇಳುತ್ತಾರೆ. ನೆವಾರ್ಕಿನ ನಮ್ಮ ಭಾನುವಾರದ ಕ್ರಿಕೆಟ್ ತಂಡದಲ್ಲಿ ಹದಿನಾಲ್ಕು ವರ್ಷ ವಿಕೆಟ್ ಕೀಪರ್ ಆಗಿದ್ದ ನನಗೆ, ಒಂದೇ ಪಂದ್ಯದಲ್ಲಿ ಮೂರು ಕ್ಯಾಚು ಬಿಟ್ಟ ಮರುದಿನವೇ ಬಡ್ತಿ ಸಿಕ್ಕಿತು. "ಅಂಕಲ್, ಇನ್ಮೇಲೆ ನೀವೇ ಮ್ಯಾನೇಜರ್ರು. ಲಿಸ್ಟು ಬರೆಯೋದು ನೀವೇ. ನಿಮ್ಮ ಎಕ್ಸ್‌ಪೀರಿಯೆನ್ಸು ನಮಗೆ ಬೇಕು" ಎಂದ ನಾಯಕ ಇಮ್ರಾನ್, ಬೆಂಗಳೂರಿನ ಹುಡುಗ. ನನ್ನ ಅನುಭವ ಬೇಕಂತೆ, ನಾನು ಬೇಡವಂತೆ. ಎರಡು ದಿನ ಊಟ ರುಚಿಸಲಿಲ್ಲ.

ಈ ಸಂಕಟ ತೋಡಿಕೊಂಡದ್ದು ಪಕ್ಕದ ಮನೆಯ ಹೆಕ್ಟರನ ಬಳಿ. ಅವನು ಹನ್ನೆರಡು ವರ್ಷ ಸಂಬಳಕ್ಕೆ ಬೇಸ್‌ಬಾಲ್ ಆಡಿದವನು. ಕುಕ್ಕರಗಾಲಿನಲ್ಲಿ ಕೂತು, ಎಸೆದ ಚೆಂಡು ಹಿಡಿಯುವುದು ಅವನ ಕೆಲಸ, ಹೆಚ್ಚುಕಡಿಮೆ ನನ್ನದೇ. ಭುಜ ಕೈಕೊಟ್ಟ ಮೇಲೆ ಇಲ್ಲೇ ಹತ್ತಿರ, ಓಕ್ಲ್ಯಾಂಡಿನಾಚೆಯ ಒಂದು ಸಣ್ಣ ತಂಡಕ್ಕೆ ಮ್ಯಾನೇಜರ್ ಆಗಿದ್ದಾನೆ. ಅವನ ಪಂದ್ಯ ನೋಡಲು ಹೋದಾಗ ನನಗೆ ನಗು ತಡೆಯಲಾಗಲಿಲ್ಲ. ಡೊಳ್ಳುಹೊಟ್ಟೆಯ ಮನುಷ್ಯ, ಬೆನ್ನ ಮೇಲೆ ನಂಬರಿನ ಸಮೇತ ಆಟಗಾರರ ಯೂನಿಫಾರ್ಮನ್ನೇ ತೊಟ್ಟು ಬೆಂಚಿನಲ್ಲಿ ಕೂತಿದ್ದ! ಆಡದವನಿಗೆ ಈ ವೇಷ ಯಾಕೆಂದು ಕೇಳಿದೆ. ಬೇಸ್‌ಬಾಲಿನಲ್ಲಿ ಮ್ಯಾನೇಜರನೂ ಹೀಗೇ ಬರುವುದು ಪದ್ಧತಿಯಂತೆ. "ಮೊದಲ ವರ್ಷ, ಯಾರಾದರೂ ಆಡೋಕೆ ಕರೆದರೆ ಇರಲಿ ಅಂತ ಹಾಕಿಕೊಳ್ತಿದ್ದೆ" ಎಂದ ತನ್ನ ಇಂಗ್ಲಿಷಿನಲ್ಲಿ. "ಈಗ?" ಎಂದು ಕೇಳಿದೆ. "ಈಗಲೂ ಅಷ್ಟೇ" ಎಂದ. ನನ್ನ ನಗು ಅಲ್ಲಿಗೇ ನಿಂತಿತು.

ಮುಂದಿನ ಭಾನುವಾರ ನಾನೂ ಬಿಳಿ ಪ್ಯಾಂಟು ಏರಿಸಿದೆ. "ಆಡಲ್ಲ ಅಂದ್ಮೇಲೆ ಇದ್ಯಾಕ್ರೀ?" ಎಂದಳು ಹೆಂಡತಿ. "ಈ ದೇಶದ ಪದ್ಧತಿ" ಎಂದೆ. ಅಂದು ಬಿಡುವಾಗಿದ್ದ ಹೆಕ್ಟರ್ ಹೂವಿನ ಚಡ್ಡಿ ಹಾಕಿಕೊಂಡು ಜೊತೆಗೆ ಬಂದ. ಮೈದಾನಕ್ಕೆ ಹೋದರೆ, ಹೊಸ ಕೀಪರಿಗೆ ಜ್ವರ, ಹತ್ತೇ ಜನ. "ಅಂಕಲ್, ಲಿಸ್ಟು ನಿಮ್ಮ ಕೈಲಿದೆ" ಎಂದ ಇಮ್ರಾನ್, ನನ್ನ ಪ್ಯಾಂಟನ್ನೇ ನೋಡುತ್ತಾ. ನನ್ನ ಹೆಸರಿನ ಮೊದಲ ಅಕ್ಷರ ಬರೆದೂ ಬಿಟ್ಟಿದ್ದೆ. ಆಗ ಹೆಕ್ಟರ್ ಕಣ್ಣಿಗೆ ಬಿದ್ದ. ಬೌಂಡರಿಯಾಚೆ ಕುಕ್ಕರಗಾಲಿನಲ್ಲಿ ಕೂತು, ಚೆಂಡಿಗೆ ಕಾಯುವವನ ಹಾಗೆ ಬರಿಯ ಅಂಗೈಯನ್ನು ಮುಷ್ಟಿಯಿಂದ ಗುದ್ದಿಕೊಳ್ಳುತ್ತಿದ್ದ. ಆಡಿಸಿ ಎಂದು ಬಾಯಿಬಿಟ್ಟು ಕೇಳುವವನಲ್ಲ ಅವನು. ನನಗೆ ಹೊಟ್ಟೆ ಉರಿಯಿತು, ಸುಳ್ಳು ಹೇಳಲಾರೆ; ಆದರೂ ಆ ಅಕ್ಷರ ಹೊಡೆದುಹಾಕಿ ಅವನ ಹೆಸರು ಬರೆದೆ.

ಆಡುವವರಿಗೆ ಬಿಳಿ ಪ್ಯಾಂಟು ಕಡ್ಡಾಯ. ಪುಣ್ಯಕ್ಕೆ ಇಬ್ಬರ ಸೊಂಟವೂ ಒಂದೇ ಅಳತೆಗೆ ಬಂದಿದೆ. ಕಾರಿನ ಮರೆಯಲ್ಲಿ ಅದಲುಬದಲು ಮಾಡಿಕೊಂಡೆವು. ಅವನು ಹುಚ್ಚನ ಹಾಗೆ ಕೂಗುತ್ತಾ ಎರಡು ಕ್ಯಾಚು ಹಿಡಿದ. ನಾನು ಹೂವಿನ ಚಡ್ಡಿಯಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಪಂದ್ಯ ಮುಗಿದ ಮೇಲೆ ಪ್ಯಾಂಟು ವಾಪಸು ಬಂತು.

ಸಂಜೆ ಬಟ್ಟೆ ಒಗೆಯಲು ಹಾಕುವಾಗ ಹೆಂಡತಿ ಮೊಣಕಾಲಿನ ಹತ್ತಿರ ಹುಲ್ಲಿನ ಕಲೆ ನೋಡಿದಳು. "ಅಯ್ಯೋ, ಆಡಿಸಿದ್ರಾ ನಿಮ್ಮನ್ನ?" ಎಂದು ಎಷ್ಟು ಸಂತೋಷದಿಂದ ಕೇಳಿದಳೆಂದರೆ, "ಹೂಂ, ಎರಡು ಕ್ಯಾಚು" ಎಂದುಬಿಟ್ಟೆ. ಈ ಭಾನುವಾರ ಅವಳೂ ನೋಡಲು ಬರುತ್ತಾಳಂತೆ. ಲಿಸ್ಟು ನನ್ನ ಕೈಲೇ ಇದೆ, ಇನ್ನೂ ಬರೆದಿಲ್ಲ.