ಬಿಟ್ಟಲ್ಲಿಂದ ಮುಂದುವರಿಸಲಾಗುವುದು

ವಡಗಾವ್ಯಾಗ ನಮ್ಮ ಮನಿಗೆ ಬೀಗರು ಹೇಳಿ ಬರ್ತಾರ, ನಳದ ನೀರು ಹೇಳದ ಬರ್ತಾವ. ಆದ್ರ ಕಂಪ್ಯೂಟರಿಗೆ ‘ಹೊಸಾದು’ ಮಾತ್ರ ನಾವು ಯಾವಾಗ ಗಡಿಬಿಡ್ಯಾಗ ಇರ್ತೇವೋ ಆವಾಗ್ಲೇ ಹುಡಿಕ್ಯಾಡಕೊಂಡು ಬರ್ತೈತಿ.

ಹೊಸಾದು ಅಂದ್ರ ಕಂಪ್ಯೂಟರ್ ನಡಸೂ ಮೂಲ ಸಾಫ್ಟ್‌ವೇರಿನ ಹೊಸಾ ವರ್ಷನ್. ಅಷ್ಟ ಉದ್ದ ಹೆಸರ ಹಿಡದು ಬೈಯೂದ್ರಾಗ ಸಿಟ್ಟ ಇಳದು ಹೋಗ್ತೈತಿ ಅಂತ ಕಾಕಾ ಬರೇ ಹೊಸಾದು ಅಂತಾನ. ಕಾಕಾ ಅಂದ್ರ ಅಪ್ಪನ ತಮ್ಮ, ನೇಕಾರರಿಗೆ ಸೀರಿ ಸೆರಗಿನ ಡಿಸೈನ್ ತಗದ ಕೊಡ್ತಾನ. ಮನ್ಯಾಗ ಇರೂದು ಅವನ ಕಂಪ್ಯೂಟರ್ ಒಂದ.

ನಾ ಪಿಯುಸಿ ಎರಡನೇ ವರ್ಷ, ಸೈನ್ಸ್. ಮಂದಿ ಮುಂದ ನನ್ನ ಬಾಯಿ ಏಳಂಗಿಲ್ಲ. ಯಾರರೆ ಬಂದ್ರ ಪುಸ್ತಕ ಹಿಡಕೊಂಡು ಅಟ್ಟಾ ಏರತೇನಿ. ಆದ್ರ ಕೇಳಿದ್ದು ನೋಡಿದ್ದು ಎಲ್ಲಾ ಆಮ್ಯಾಲ ಆ ಕಂಪ್ಯೂಟರಿನ್ಯಾಗ ಬರದ ಇಡತಿದ್ದೆ. ಯಾರ ಏನಂದ್ರು, ಯಾರ ಏನ ಸುಳ್ಳ ಹೇಳಿದ್ರು, ಎಲ್ಲಾ. ಆ ಫೈಲಿಗೆ ‘ರಸಾಯನಶಾಸ್ತ್ರ, ಅಧ್ಯಾಯ ಎಂಟು’ ಅಂತ ಹೆಸರ ಇಟ್ಟಿದ್ದೆ. ರಸಾಯನಶಾಸ್ತ್ರ ಅಂದ್ರ ನಮ್ಮ ಮನ್ಯಾಗ ಯಾರೂ ಆ ಕಡೆ ಹಾಯಂಗಿಲ್ಲ. ಹಾಯ್ದಿದ್ರ ನಾ ಮಾರಿ ತೋರಸೂ ಹಂಗ ಇರಲಿಲ್ಲ. ಇಷ್ಟ ದಿನ ಇದನ್ನ ಯಾರ ಮುಂದೂ ಹೇಳಿರಲಿಲ್ಲ. ಈಗ ಹೇಳಾಕ ಅಡ್ಡಿ ಇಲ್ಲ, ಮುಚ್ಚಿಡಾಕ ಏನೂ ಉಳದಿಲ್ಲ.

ಕನ್ನಡದಿಂದ ಕನ್ನಡಕ್ಕ

ಮದಲನೇ ಹೊಸಾದು ಬಂದಾಗ ‘ಭಾಷೆಯನ್ನು ಆರಿಸಿ’ ಅಂತು. ಕಾಕಾ ಖುಷಿಯಾಗಿ, “ಅಂತೂ ನಮ್ಮ ಮಾತ ಕಲತ ಬಂತ ನೋಡ” ಅಂತ ಕನ್ನಡ ಒತ್ತಿದ.

ಮಧ್ಯಾಹ್ನ ಊಟಕ್ಕ ಏಳೂ ಮುಂದ ಬಂದ್ ಮಾಡಾಕ ಹೋದ. ನಾಕ ಸಾಲ ಬಂದ್ವು: ನಿದ್ರಾವಸ್ಥೆ, ಶಿಶಿರನಿದ್ರೆ, ಮರುಪ್ರಾರಂಭ, ಸ್ಥಗಿತಗೊಳಿಕೆ.

“ಏ ಬಾರವಾ ಇಲ್ಲೆ!” ಅಂತ ನನ್ನ ಒದರಿದ. “ನೀ ಪುಸ್ತಕಾ ಓದಾಕಿ. ಇದು ಕನ್ನಡದಾಗ ಐತಿ. ಕನ್ನಡದಾಗ ಹೇಳ.”

“ಮದಲನೇದು ನಿದ್ದಿ, ಕಾಕಾ.”

“ಎರಡನೇದು?”

“ಅದೂ ನಿದ್ದಿನ. ಥಂಡ್ಯಾಗ ಕರಡಿ ಮಲಗತೈತಲ್ಲ, ತಿಂಗಳಗಟ್ಲೆ, ಆ ನಮೂನಿ.”

“ಇದಕ್ಕ ನನಗಿಂತ ಹೆಚ್ಚ ಸೂಟಿ ಬೇಕೇನ! ಬಂದ್ ಅಂತ ಎಲ್ಲೈತಿ?”

“ಸ್ಥಗಿತಗೊಳಿಕೆ.”

ಕಾಕಾ ಆ ಶಬ್ದ ಎರಡ ಸಲ ಬಾಯಾಗ ಹೊಳ್ಳಿಸಿ ನೋಡಿದ. ಅದು ಹಲ್ಲಿಗೆ ಸಿಗಲಿಲ್ಲ. ಸೀದಾ ಎದ್ದ ಹೋಗಿ ಗ್ವಾಡಿ ಮ್ಯಾಲಿನ ಮೇನ್ ಸ್ವಿಚ್ ಟಕ್ ಅಂತ ಕೆಳಗ ಹೊಡದ. “ಇದು ನೋಡ, ಕನ್ನಡ” ಅಂದ.

ಉಂಡ ಬಂದು ಚಾಲೂ ಮಾಡಿದ್ರ ನೀಲಿ ಪರದೆ ಮ್ಯಾಲ ದೊಡ್ಡ ಅಕ್ಷರ: ‘ಚಿಂತಿಸಬೇಡಿ. ಬಿಟ್ಟಲ್ಲಿಂದ ಮುಂದುವರಿಸಲಾಗುವುದು.’ ಇದು ಹೊಸಾದರ ದೊಡ್ಡ ಹೆಮ್ಮಿ. ನಡುವ ಏನ ಆದ್ರೂ ಕೆಲಸಾ ಎಲ್ಲಿ ನಿಂತಿತ್ತೋ ಅಲ್ಲಿಂದ ತಗದ ಕೊಡ್ತೈತಂತ. ತಗದ ನೋಡಿದ್ರ ಮುಂಜಾನಿಂದ ತಗದಿದ್ದ ಸೆರಗ ಇಲ್ಲ, ಅಂಚ ಇಲ್ಲ, ಬರೇ ಬಿಳೇದು.

“ಬಿಟ್ಟಲ್ಲಿಂದ ಅಂದ್ರ ಎಲ್ಲಿಂದ?” ಅಂದೆ.

“ಕಂಪ್ಯೂಟರ್ ತರೂಕಿಂತ ಮದಲ ನಾವು ಎಲ್ಲಿದ್ವಿ,” ಅಂದ ಕಾಕಾ, “ಅಲ್ಲಿಂದ.”

ಸೆರಗಿನ ಮ್ಯಾಲಿನ ಕೋಳಿ

ಬಟ್ಟಿ ಅಂಗಡಿ ಸಾವ್ಕಾರ್ರು ಒಬ್ರು ಮಗಳ ಲಗ್ನದ ಸೀರಿಗೆ ಬಂದ್ರು. ಸೆರಗಿನ ತುಂಬ ನವಿಲು ಬೇಕು. ಅದು ಛಲೋ ಬಂದ್ರ ಬೀಗತ್ಯಾರ ಸೀರಿ ಎಲ್ಲಾ ಕಾಕಾನ ಡಿಸೈನಿನಾವ. ಕಾಕಾ ಎರಡ ದಿನ ಕುಂತ ತಗದ. ಮಾದರಿಗೆ ಅಂತ ಒಂದ ತುಂಡ ನೇದ್ರು. ನೇದಾವ ಅದನ್ನ ತಂದ ಕೊಟ್ಟು, “ಕೋಳಿ ಭಾಳ ಛಲೋ ಬಂದೈತ್ರಿ” ಅಂದ.

ಖರೇ ಕೋಳಿನ. ಆದ್ರ ಅದು ಹೆಂಗಾತು ಅಂತ ನಂಗ ಗೊತ್ತಿತ್ತು, ಬಾಜೂಕ ಕುಂತ ನೋಡಿದ್ದೆ. ಡಿಸೈನಿನ್ಯಾಗ ಒಂದ ಚೌಕಾ ಅಂದ್ರ ಒಂದ ಎಳಿ. ಚೌಕಾ ಇಂತಿಷ್ಟ ಅಂತ ಇರ್ತಾವ. ಕಾಕಾ ನವಿಲಿನ ಹೊಟ್ಟಿ ಮದಲ ತಗದ, ಪ್ರೀತಿಲೆ ತಗದ, ಆಮ್ಯಾಲ ಕುತ್ತಿಗಿಗೆ ಜಾಗಾ ಉಳೀಲಿಲ್ಲ. ತಲಿ ತಂದು ಸೀದಾ ಹೊಟ್ಟಿ ಮ್ಯಾಲ ಇಟ್ಟ.

ಮರದಿವಸ ಮುಂಜಾನೆ ಎರಡನೇ ಹೊಸಾದು ಬಂತು, ಮಧ್ಯಾಹ್ನ ಸಾವ್ಕಾರ್ರು ಬಂದ್ರು. ಕಾಕಾ ಕಣ್ಣ ಸೈತ ಪಿಳಕಸಲಿಲ್ಲ.

“ನಿನ್ನೆ ನವಿಲ ಇತ್ರಿ, ಸಾವ್ಕಾರ್ರ. ಇವತ್ತ ಹೊಸಾದು ಬಂತು, ಕೋಳಿ ಆತು.”

ಸಾವ್ಕಾರ್ರು ನಂಬಿದ್ರು! “ಹೌದ್ರಿ ಮತ್ತ. ನನ್ನ ಮೊಬೈಲಿಗೂ ಹೊಸಾದು ಬಂದು, ನಮ್ಮ ಮಾವ ಫೋನ್ ಮಾಡಿದ್ರ ಹಾಲಿನವನ ಫೋಟೋ ಬರಾಕತ್ತೈತಿ” ಅಂದ್ರು. ಎದ್ದ ಹೋಗೂ ಮುಂದ ಒಂದ ಮಾತ ಅಂದ್ರು: “ಮುಂದಿನ ವಾರ ಮಗಳನ್ನ ಕರಕೊಂಡ ಬರ್ತೇನಿ. ಆವಾಗೂ ಕೋಳಿ ಇದ್ರ ನಾ ಬ್ಯಾರೇ ಕಡೆ ನೋಡ್ಕೋತೇನ್ರಿ.”

ಅವತ್ತ ಅಟ್ಟದ ಮ್ಯಾಲಿಂದ ಇಳದು ಬಂದು ಅಧ್ಯಾಯ ಎಂಟರಾಗ ಖರೇದ್ದು ಖರೇದ್ದಂಗ ಬರದೆ. ಹೊಸಾದು ಅಂದ್ರ ನಂಗ ಮೈಯೆಲ್ಲಾ ಉರಿತೈತಿ. ಆದ್ರ ಮಾಡದ ತಪ್ಪಿಗೆ ಅದನ್ನ ಯಾಕ ಬೈಬೇಕು? ಮಾಡಿದ್ದ ಬೈದ ಮುಗಿಸೂದಕ್ಕ ವರ್ಷ ಸಾಲಂಗಿಲ್ಲ.

ಖಾನಾಪುರದಾಗ ಮೂವತ್ತೈದು

ಅದ ವಾರ ದಸರಾ ಸೂಟಿ. ನಾ ಖಾನಾಪುರಕ್ಕ ಅತ್ತಿ ಮನಿಗೆ ಹೋದೆ. ಅತ್ತಿ ಅಂದ್ರ ಅಪ್ಪನ ತಂಗಿ. ಆಕಿದು ತಹಶೀಲ್ದಾರ್ ಕಚೇರಿ ಬಾಜೂಕ ಅರ್ಜಿ ತುಂಬೂ ಅಂಗಡಿ.

ಒಬ್ಬ ಮುತ್ಯಾ ಬಂದಿದ್ದ, ಹೆಗಲ ಮ್ಯಾಲ ಕಂಬಳಿ, ಕೈಯಾಗ ಕೋಲ. ಮೊಮ್ಮಗನ ಹಾಸ್ಟೆಲಿಗೆ ಉತ್ಪನ್ನದ ದಾಖಲಾ, ಅಂದ್ರ ಆದಾಯದ ಸರ್ಟಿಫಿಕೇಟ್, ಬೇಕಾಗಿತ್ತು. ಅತ್ತಿ ಅವನ ಹೆಸರು, ಅವರಪ್ಪನ ಹೆಸರು, ಊರು, ಓಣಿ ಎಲ್ಲಾ ಕೇಳಿ ತುಂಬಿದ್ಳು. ಇನ್ನೊಂದ ಸಾಲ ಇತ್ತು, ಪರದೆ ನೀಲಿ ಆತು. ‘ಹೊಸ ಆವೃತ್ತಿಯನ್ನು ಅಳವಡಿಸಲಾಗುತ್ತಿದೆ. ಶೇಕಡಾ 3.’

ಅತ್ತಿ ಹಣಿ ಬಡಕೊಂಡ್ಳು. “ಬಂತ ನೋಡ ಹೊಸಾದು! ಕುಂದರ್ರಿ ಮುತ್ಯಾ, ಶಂಬರ್, ಪೂರಾ ನೂರು, ಆಗೂ ತನಕ ಏನೂ ಮಾಡಾಕ ಬರಂಗಿಲ್ಲ.”

ಮುತ್ಯಾ ಕುಂತ. ಐದ ನಿಮಿಷಕ್ಕೊಮ್ಮೆ, “ಎಷ್ಟಾತವಾ?” ಅಂತ ನನ್ನ ಕೇಳಾಂವ. ನಾ ಸಣ್ಣ ದನಿಲೆ ಹೇಳಾಕಿ. ಹನ್ನೆರಡು. ಇಪ್ಪತ್ತು. ಇಪ್ಪತ್ತು. ಇಪ್ಪತ್ತು. ಮುತ್ಯಾ ಚಾ ಕುಡದ ಬಂದ. ಇಪ್ಪತ್ತು. ಬಸ್‌ಸ್ಟ್ಯಾಂಡ್ ತನಕ ಹೋಗಿ ಹೊಳ್ಳಿ ಬಂದ.

“ಈಗರೆ?”

“ಮೂವತ್ತೈದು, ಮುತ್ಯಾ.”

“ಮೂವತ್ತೈದ ಆತು?” ಅಂತ ಕೋಲ ಊರಿ ಎದ್ದ ನಿಂತ. “ನಮ್ಮ ಮೊಮ್ಮಗಾ ಗಣಿತದಾಗ ಮೂವತ್ತೈದ ತಗೊಂಡ ಪಾಸ್ ಆಗ್ಯಾನ. ಇದಕ್ಕ ಇನ್ನೇನ ರ್‍ಯಾಂಕ್ ಬೇಕಾಗೈತಿ? ಬಿಡ್ರಿ ಹೊರಗ ಅದನ್ನ!”

ಎರಡ ತಾಸಿನ ಮ್ಯಾಲ ಶಂಬರ್ ಆತು. ‘ಬಿಟ್ಟಲ್ಲಿಂದ ಮುಂದುವರಿಸಲಾಗುವುದು.’ ಅತ್ತಿ ಅರ್ಜಿ ತಗದ್ಳು. ಎಲ್ಲಾ ಖಾಲಿ. ಆಕಿ ನಾಚಕೊಂಡು ಮುತ್ಯಾನ ಮಾರಿ ನೋಡಿ, “ಇನ್ನೊಮ್ಮೆ ಹೇಳ್ರಿ, ನಿಮ್ಮಪ್ಪನ ಹೆಸರ ಏನಂದ್ರಿ?” ಅಂದ್ಳು.

“ಆವಾಗಿಂದ ಅದ ಐತಿ ತಂಗಿ, ಬರ್ಕೋ” ಅಂದ ಮುತ್ಯಾ. “ನಮ್ಮಪ್ಪಗ ಹೊಸಾದು ಬಂದಿಲ್ಲ.”

ಗುಂಡಿ

ನಾ ಹೊಳ್ಳಿ ವಡಗಾವಿಗೆ ಬರೂದ್ರಾಗ ಮೂರನೇ ಹೊಸಾದು ಬಂದ ಕುಂತಿತ್ತು. ಅದು, ‘ಪರದೆಯಲ್ಲಿರುವುದನ್ನು ಓದಿ ಹೇಳಲೇ?’ ಅಂತ ಕೇಳಿದ್ದಕ್ಕ ಕಾಕಾ ಹೌದು ಅಂದಿದ್ನಂತ. ಅವ ಎಲ್ಲಾದಕ್ಕೂ ಹೌದು ಅಂತಾನ, ಅಲ್ಲ ಅಂದ್ರ ಮತ್ತ ಕೇಳತೈತಿ ಅಂತ. ಅವತ್ತಿಂದ ಒಬ್ಬಾಕಿ ಹೆಣಮಗಳ ದನಿ ಕಂಪ್ಯೂಟರಿನ್ಯಾಗ ಮನಿ ಮಾಡಿತು. ಪರದೆ ಮ್ಯಾಲ ಏನ ಇದ್ರೂ ಘನ ಗಂಭೀರ ಓದಾಕಿ. ಒತ್ತೂ ಬಟನ್ ಬಂದ ಕೂಡ್ಲೆ ಅದರ ಹೆಸರ ಓದಿ, ಕಡಿಗೆ ‘ಗುಂಡಿ’ ಅನ್ನಾಕಿ.

“ಉಳಿಸಿ, ಗುಂಡಿ. ರದ್ದುಗೊಳಿಸಿ, ಗುಂಡಿ. ಮುಂದೆ, ಗುಂಡಿ. ಹಿಂದೆ, ಗುಂಡಿ.”

ಬಾಯಿ ಮುಚ್ಚಸೂ ಗುಂಡಿ ಒಂದ ಬಿಟ್ಟು ಉಳದದ್ದೆಲ್ಲಾ ಇದ್ವು. ಅದನ್ನ ಪ್ರತಿ ಹೊಸಾದು ಬ್ಯಾರೇ ಕಡೆ ಬಚ್ಚಿಡತೈತಿ.

ನಮ್ಮ ಆಯಿ, ಅಂದ್ರ ಅಪ್ಪನ ಅವ್ವ, ಒಳಗ ಕುಂತು ಎರಡ ದಿನ ಸುಮ್ನ ಕೇಳಿದ್ಳು. ಮೂರನೇ ದಿನ ನನ್ನ ಹಂತೇಕ ಕರದು, “ಪಾಪ, ಶಾಣ್ಯಾ ಹುಡುಗಿ ಅದಾಳ” ಅಂದ್ಳು. “ಹೊರಗ ಒಂದ ಹೆಜ್ಜಿ ಇಟ್ಟಿಲ್ಲ, ನಮ್ಮ ಓಣ್ಯಾಗಿನ ಗುಂಡಿ ಎಲ್ಲಾ ಎಣಸ್ಯಾಳ.”

ಐದು ನಕ್ಷತ್ರ

ಸಾವ್ಕಾರ್ರು ಮಗಳನ್ನ ಕರಕೊಂಡ ಬಂದ್ರು. ಖಾನಾಪುರದಿಂದ ಅತ್ತಿನೂ ಬಂದಿದ್ಳು. ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡಿದ್ದ. ಎಲ್ಲಾರೂ ಕಂಪ್ಯೂಟರ್ ಮುಂದ ಕುಂತ್ರು. ನಾ ಅಟ್ಟದ ನಿಚ್ಚಣಿಕಿ ಮ್ಯಾಲ.

“ಈ ಸಲ ನವಿಲ ನೋಡ್ರಿ ಹೆಂಗ ಬಂದೈತಿ” ಅಂದ ಕಾಕಾ. ಹೊಸಾದು ಫೈಲೆಲ್ಲಾ ಅದಲ ಬದಲ ಮಾಡಿ, ‘ಇತ್ತೀಚಿನವು’ ಅಂತ ಮ್ಯಾಲ ಇಟ್ಟಿತ್ತು. ಕಾಕಾ ಮದಲನೇದು ಒತ್ತಿದ.

“ರಸಾಯನಶಾಸ್ತ್ರ, ಅಧ್ಯಾಯ ಎಂಟು” ಅಂತು ಆ ದನಿ.

ನನ್ನ ಕೈಯಾಗಿನ ಪುಸ್ತಕಾ ಬಿತ್ತು.

“ಅತ್ತಿ ಬರೂ ಮುಂದ ಒಂದ ಬಿಸ್ಕಿಟ್ ಪುಡಾ ತರ್ತಾಳ, ಹೋಗೂ ಮುಂದ ಅದ ಪುಡಾ ಚೀಲದಾಗ ಇಟ್ಕೊಂಡ ಹೋಗ್ತಾಳ” ಅಂತ ಓದಿತು. ಅತ್ತಿ ಕೈ ತಾನ ಚೀಲದ ಮ್ಯಾಲ ಹೋತು. “ಸಾವ್ಕಾರ್ರು ಸೀರಿ ರೊಕ್ಕಾ ಅಂದ್ರ ಸಣ್ಣ ಆಗ್ತಾರ, ಚಾ ಅಂದ್ರ ಅಗಲ ಆಗ್ತಾರ.”

ಓಡಿ ಬಂದೆ. ಬಾಯಿ ಮುಚ್ಚಸೂ ಗುಂಡಿ ಎಲ್ಲಿ? ಬಲಕ್ಕ ನೋಡಿದೆ, ಎಡಕ್ಕ ನೋಡಿದೆ, ಎಲ್ಲೂ ಇಲ್ಲ. ವಾಯರ್ ಕಿತ್ತೆ. ಆ ಸೆರಗ ಹೋದ ಮ್ಯಾಲ ಕಾಕಾ ತಂದ ಕೂಡಿಸಿದ್ದ ಬ್ಯಾಟರಿ ಮ್ಯಾಲ ನಡಿತು, ಮತ್ತ ಅದನ್ನೂ ಹೇಳ್ತು: “ವಿದ್ಯುತ್ ಸಂಪರ್ಕ ಕಡಿತಗೊಂಡಿದೆ. ನವಿಲಿನ ಖರೇ ಸುದ್ದಿ ಏನಪಾ ಅಂದ್ರ...”

ಆವಾಗ ಪರದೆ ನೀಲಿ ಆತು.

“ನಿಮ್ಮ ಗಣಕಯಂತ್ರವು ಈಗ ಮರುಪ್ರಾರಂಭಗೊಳ್ಳಲಿದೆ.”

ದನಿ ನಿಂತಿತು. ಜೀವನದಾಗ ಮದಲನೇ ಸಲ ನಾ ಹೊಸಾದಕ್ಕ ಕೈ ಮುಗದೆ.

“ನವಿಲಿನ ಖರೇ ಸುದ್ದಿ ಅಂದ್ರ ಏನ್ರಿ?” ಅಂದ್ರು ಸಾವ್ಕಾರ್ರು.

“ಅದು ಸೈನ್ಸ್ ರೀ, ನಮ್ಮ ಹುಡುಗಿದು” ಅಂದ ಕಾಕಾ. ಫೈಲಿನ್ಯಾಗ ನಾ ಏನ ಬರದೇನಿ ಅಂತ ಅವಂಗೂ ಗೊತ್ತಿರಲಿಲ್ಲ.

“ರಸಾಯನಶಾಸ್ತ್ರದಾಗ ನಾ ಯಾಕ ಬಂದೇನ್ರಿ?”

ಕಾಕಾ ಒಳಗ ಮಾರಿ ಮಾಡಿ ಚಾ ತರಾಕ ಒದರಿದ. ಅವ್ವ ಚಾ ತಂದ್ಳು. ಸಾವ್ಕಾರ್ರು ಕಪ್ ಮುಟ್ಟಲಿಲ್ಲ. ನಾ ಸಮಾಧಾನದಿಂದ ಇದ್ದೆ. ಕಾಕಾನ ಸೆರಗ ನುಂಗಿದ್ದು, ಮುತ್ಯಾನ ಅರ್ಜಿ ನುಂಗಿದ್ದು, ಬಿಟ್ಟಲ್ಲಿಂದ ಯಾವತ್ತರೆ ಮುಂದುವರದೈತೇನು? ಚಾಲೂ ಆದ್ರ ಬರೇ ಬಿಳೇದ ಬರ್ತೈತಿ ಅಂತ ಪೂರಾ ಭರೋಸಾ ಇತ್ತು.

ಅರವತ್ತು. ತೊಂಬತ್ತು. ನೂರು.

“ಸ್ವಾಗತ” ಅಂತು. “ಬಿಟ್ಟಲ್ಲಿಂದ ಮುಂದುವರಿಸಲಾಗುತ್ತಿದೆ.”

ಮುಂದುವರೀತು.

“...ಅದನ್ನ ಹೊಸಾದು ಕೆಡಿಸಿಲ್ಲ. ಕಾಕಾ ಹೊಟ್ಟಿ ಮದಲ ತಗದ, ಕುತ್ತಿಗಿಗೆ ಜಾಗಾ ಉಳೀಲಿಲ್ಲ, ಕೋಳಿ ಆತು. ಕಂಪ್ಯೂಟರಿಂದ ಇದ್ರಾಗ ಏನೂ ತಪ್ಪಿಲ್ಲ. ಪೂರ್ಣವಿರಾಮ.”

ಸಾವ್ಕಾರ್ರು ಕಾಕಾನ ಮಾರಿ ನೋಡಿದ್ರು. ಕಾಕಾ ನನ್ನ ಮಾರಿ ನೋಡಿದ. ನಾ ನೆಲಾ ನೋಡಿದೆ. ಮದಲ ನಕ್ಕಾಕಿ ಸಾವ್ಕಾರ್ರ ಮಗಳು, ಸೆರಗ ಬಾಯಿಗೆ ಒತ್ತಕೊಂಡು. ಆಮ್ಯಾಲ ಸಾವ್ಕಾರ್ರ ಹೊಟ್ಟಿ ಅಲಗ್ಯಾಡಾಕತ್ತು.

“ಆತು, ಇರ್ಲಿ. ನೀವ ತಗೀರಿ,” ಅಂದ್ರು. “ಆದ್ರ ಇನ್ನ ಮ್ಯಾಲ ಕುತ್ತಿಗಿ ಮದಲ ತಗೀರಿ.”

ಕಾಕಾಗ ಉಸಿರ ಬಂತು. ಅಷ್ಟ್ರಾಗ ಪರದೆ ಮ್ಯಾಲ ಇನ್ನೊಂದ ಬಂತು, ಆಕಿ ಓದಿದ್ಳು: “ನಮ್ಮ ಹೊಸ ಆವೃತ್ತಿ ನಿಮಗೆ ಹೇಗನಿಸಿತು? ಐದರಲ್ಲಿ ಎಷ್ಟು ನಕ್ಷತ್ರ ಕೊಡುವಿರಿ?”

ಕಾಕಾ ಹಲ್ಲ ಕಡಕೋತ ಒಂದ ಕೊಡಾಕ ಹೋದ. ಸಾವ್ಕಾರ್ರು ಅವನ ಕೈ ಹಿಡದ್ರು.

“ಐದೂ ಕೊಡ್ರಿ. ನಿಮ್ಮ ಮನ್ಯಾಗ ಬಾಯಿ ಬಿಟ್ಟು ಖರೇ ಮಾತಾಡೂದು ಅದೊಂದ ಐತಿ.”